ಪಟ್ಟದ ರಾಣಿಯ ಮುಖ

ಇದನ್ನು ಹೇಳಬೇಕೆಂದು ಕೂತು, ಹೇಳದೆ ಎದ್ದುಹೋಗಿದ್ದು ಹಲವು ಸಲ. ಹೋದ ದಸರೆಗೆ ಮುಂಚೆ ಹೇಳೋಣವೆಂದುಕೊಂಡೆ, ಹಬ್ಬದ ಮನೆಯಲ್ಲಿ ಬೇಡ ಎಂದು ಬಿಟ್ಟೆ. ಅದಕ್ಕೂ ಹಿಂದೆ, ಕಣ್ಣಿನ ಪೊರೆ ತೆಗೆಸಿಕೊಂಡು ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ, ಎದುರಿನವರ ಮುಖ ಕಾಣದಿರುವಾಗಲೇ ಹೇಳಿಬಿಡುವುದು ಸುಲಭ ಅನ್ನಿಸಿತ್ತು. ಪಟ್ಟಿ ಬಿಚ್ಚಿದರು, ಮುಖಗಳು ಕಂಡವು, ನನ್ನ ಬಾಯಿ ಮುಚ್ಚಿಕೊಂಡಿತು. ಮುಂದಕ್ಕೆ ಹಾಕುವುದಕ್ಕೆ ಯಾವಾಗಲೂ ಒಂದು ಕಾರಣ ಸಿಗುತ್ತಿತ್ತು. ಈಗ ಕಾರಣಗಳೂ ಮುಗಿದಿವೆ. ಮಾಘದಲ್ಲಿ ನಮ್ಮಲ್ಲೊಂದು ಮದುವೆ. ಅಷ್ಟರೊಳಗೆ ನಾನು ಹಿಂದೆ ಆಡಿದ ಒಂದು ಸುಳ್ಳನ್ನು ವಾಪಸು ತೆಗೆದುಕೊಳ್ಳಬೇಕು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಪಾಸಾದ ವರ್ಷವೇ ರಾಜಾಜಿನಗರದ ಒಂದು ಫೌಂಡ್ರಿಯಲ್ಲಿ ಪ್ಯಾಟರ್ನ್ ಕೆಲಸಕ್ಕೆ ಸೇರಿ, ಅಲ್ಲೇ ರಿಟೈರ್ ಆದೆ. ಕಬ್ಬಿಣದ ಎರಕ ಹೊಯ್ಯುವ ಮೊದಲು ಅದೇ ಆಕಾರವನ್ನು ಮರದಲ್ಲಿ ಮಾಡಿಕೊಡಬೇಕು. ಆ ಮರದ ಅಚ್ಚನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಹಳ್ಳಕ್ಕೆ ಕಾದ ಕಬ್ಬಿಣ ಸುರಿಯುತ್ತಾರೆ. ಮರದ ಮೇಲೆ ಉಳಿಯ ಒಂದು ಗೀರು ಬಿಟ್ಟರೂ ಅದು ಕಬ್ಬಿಣದಲ್ಲಿ ಮೂಡುತ್ತದೆ. ಹಾಗಾಗಿ ನಮ್ಮದು ಕೆತ್ತುವುದಕ್ಕಿಂತ ಹೆಚ್ಚಾಗಿ ಉಜ್ಜುವ ಕೆಲಸ. ಉಜ್ಜಿ ಉಜ್ಜಿ, ಕೊನೆಗೆ ಕಣ್ಣು ಮುಚ್ಚಿಕೊಂಡು ಮರವನ್ನು ಕೆನ್ನೆಗೆ ಒತ್ತಿ ನೋಡುತ್ತಿದ್ದೆವು. ಬೆರಳಿಗೆ ಗೊತ್ತಾಗದ ತರಿ ಕೆನ್ನೆಗೆ ಗೊತ್ತಾಗುತ್ತದೆ. ನನ್ನ ಕೆಲಸ ಒಮ್ಮೆಯೂ ವಾಪಸು ಬಂದಿಲ್ಲವೆಂದು ನಾನು ಬೀಗುತ್ತಿದ್ದೆ. ನನ್ನ ಹೆಂಡತಿಯೂ ನೆಂಟರ ಮುಂದೆ, "ಇವರ ಬಾಯಿ ಸ್ವಲ್ಪ ಒರಟು, ಕೈ ಮಾತ್ರ ಚಿನ್ನ" ಅನ್ನುತ್ತಿದ್ದಳು. ಆ ಮಾತಿನ ಮೇಲೆ ನನಗೆಷ್ಟು ಆಸೆ ಇತ್ತೆಂದು ಆಗ ನನಗೇ ತಿಳಿದಿರಲಿಲ್ಲ.

ರಿಟೈರ್ ಆದ ಮೇಲೆ ಆ ಕೈಗೆ ಕೆಲಸ ಕೊಟ್ಟವರು ಮೊಮ್ಮಕ್ಕಳು. ವಿಜಯನಗರದ ನಮ್ಮ ಮನೆಯಲ್ಲಿ ಕೆಳಗೆ ನಾವಿಬ್ಬರು, ಮೇಲೆ ಮಗನ ಸಂಸಾರ. ಮಗಳನ್ನು ಕೊಟ್ಟಿರುವುದು ನಂದಿನಿ ಲೇಔಟಿಗೆ. ಮಗಳ ಮಗಳು ದೊಡ್ಡವಳು, ಮಗನ ಮಗಳು ಚಿಕ್ಕವಳು. ಅವರನ್ನು ಇಲ್ಲಿ ಹಾಗೇ ಕರೆಯುತ್ತೇನೆ. ದೊಡ್ಡವಳನ್ನು ಶನಿವಾರ ಮಧ್ಯಾಹ್ನ ನಮ್ಮಲ್ಲಿ ಬಿಟ್ಟರೆ ಭಾನುವಾರ ಸಂಜೆ ಕರೆದುಕೊಂಡು ಹೋಗುತ್ತಿದ್ದರು. ಹಿತ್ತಿಲು ಎಂದು ನಾವು ಕರೆಯುವುದು ಮೆಟ್ಟಿಲ ಕೆಳಗಿನ ಒಂದಿಷ್ಟು ಜಾಗ. ನೀರಿನ ಸಂಪು, ಒಗೆಯುವ ಕಲ್ಲು, ಒಂದು ಕರಿಬೇವಿನ ಗಿಡ. ಅಲ್ಲಿ ಒಂದು ಗೋಣಿಚೀಲ ಹಾಸಿಕೊಂಡು ನಾವು ಮೂವರೂ ಕೂರುತ್ತಿದ್ದೆವು.

ಬೆಳಿಗ್ಗೆ ತಿಂಡಿಯಾದ ಮೇಲೆ ಮೊದಲ ಕೆಲಸ ಪಾರ್ಕಿಗೆ ಹೋಗಿ ಹೆಕ್ಕುವುದು. ಗುಲ್‌ಮೊಹರ್ ಮರದ ಉದ್ದನೆಯ ಕಾಯಿ, ಹೊಂಗೆಕಾಯಿ, ಆಮೆಚಿಪ್ಪಿನ ಹಾಗೆ ಎರಡಾಗಿ ಬಿಚ್ಚಿಕೊಳ್ಳುವ ಜಕರಂದದ ಕಾಯಿ, ಸಿಲ್ವರ್ ಓಕಿನ ಒಣಗಿದ ಎಲೆ. ದೊಡ್ಡವಳು ಒಂದೊಂದನ್ನೂ ತಿರುಗಿಸಿ ನೋಡಿ ಆರಿಸುತ್ತಿದ್ದಳು. ಚಿಕ್ಕವಳು ಸಿಕ್ಕಿದ್ದನ್ನೆಲ್ಲ ಫ್ರಾಕಿಗೆ ತುಂಬಿಕೊಂಡು ಬರುತ್ತಿದ್ದಳು, ಬೀಡಿ ತುಂಡನ್ನೂ ಸೇರಿಸಿ.

"ಥೂ, ಬಿಸಾಕೇ ಅದನ್ನ" ಎಂದು ದೊಡ್ಡವಳು ಗದರುತ್ತಿದ್ದಳು.

"ಚಿಮಣಿಗೆ ಬೇಕು ಕಣೇ. ಹೊಗೆ ವಾಸನೆ ಆಗ್ಲೇ ಇದೆ!"

ಮನೆಯೊಳಗಿನ ಸಾಮಾನು ಬೇರೆ. ಕಾಯಿ ತುರಿದಾದ ಮೇಲೆ ಹೆಂಡತಿ ಚಿಪ್ಪುಗಳನ್ನು ನನಗೆಂದೇ ತೊಳೆದು ಒಣಗಿಸುತ್ತಿದ್ದಳು. ಬೆಂಕಿಪೊಟ್ಟಣ, ಸೀರೆಯ ರಟ್ಟಿನ ಡಬ್ಬಿ, ಒಡೆದ ಬಳೆ, ಟೂತ್‌ಪೇಸ್ಟಿನ ಮುಚ್ಚಳ, ಮುಖ್ಯರಸ್ತೆಯ ಟೈಲರ್ ಅಂಗಡಿಯಿಂದ ತಂದ ಚೂರುಬಟ್ಟೆ, ಹಳೆಯ ಲಗ್ನಪತ್ರಿಕೆಗಳು. ಲಗ್ನಪತ್ರಿಕೆ ಕತ್ತರಿಸುವ ಮೊದಲು ಮೇಲಿನ ದೇವರ ಚಿತ್ರವನ್ನು ಬಿಡಿಸಿ ಬೇರೆ ಇಡಬೇಕೆಂಬುದು ಅಜ್ಜಿಯ ಕಟ್ಟಪ್ಪಣೆ. ಒಂದು ಬಿಸ್ಕತ್ತಿನ ಡಬ್ಬಿಯ ತುಂಬ ಗಣಪತಿಗಳೇ ಇದ್ದವು. ಅಂಟಿಗೆ ಹುಣಸೆಬೀಜ ನೆನೆಸಿ, ಅರೆದು, ಕಾಯಿಸುತ್ತಿದ್ದೆ. ಅದಕ್ಕೆ ಮರದ ಹೊಟ್ಟು ಕಲೆಸಿದರೆ ಮಣ್ಣಿನ ಹಾಗೆ ತಿದ್ದಬಹುದು, ಒಣಗಿದ ಮೇಲೆ ಮರದ ಹಾಗೆ ಉಜ್ಜಬಹುದು. ಆ ಅಂಟಿನ ವಾಸನೆ ಈಗಲೂ ಎಲ್ಲಿಯಾದರೂ ಬಂದರೆ ನನಗೆ ಆ ಹಿತ್ತಿಲಿನ ಬಿಸಿಲು ಬೆನ್ನಿಗೆ ತಾಗಿದಂತಾಗುತ್ತದೆ. ಎಡಗಡೆಯಿಂದ ಒಬ್ಬಳು "ತಾತ, ಇದು ನಿಲ್ತಾ ಇಲ್ಲ", ಬಲಗಡೆಯಿಂದ ಇನ್ನೊಬ್ಬಳು "ತಾತ, ನಂದು ಮೊದ್ಲು". ನಾನು ಹುಟ್ಟಿ ಬೆಳೆದದ್ದು ಮಾಗಡಿ ರಸ್ತೆಯಲ್ಲಿ, ಸುಂಕದಕಟ್ಟೆಯ ಆಚೆಗೆ ಹೊಲಗಳಿದ್ದ ಕಾಲದಲ್ಲಿ. ಪರಂಗಿ ದಂಟಿನ ಪೀಪಿ, ಜೋಳದ ದಂಟಿನ ಎತ್ತಿನಗಾಡಿ ಎಲ್ಲ ಅಲ್ಲಿ ಕಲಿತದ್ದು. ನನ್ನ ಮಕ್ಕಳಿಗೆ ಅದ್ಯಾವುದನ್ನೂ ಮಾಡಿಕೊಟ್ಟಿರಲಿಲ್ಲ. ಶಿಫ್ಟು, ಓಟಿ ಎಂದು ಓಡಾಡಿದೆ. ಮೊಮ್ಮಕ್ಕಳ ಕಾಲಕ್ಕೆ ಎಲ್ಲ ಒಟ್ಟಿಗೆ ಕೈಗೆ ವಾಪಸು ಬಂತು.

ಈ ಕೆಲಸವೆಲ್ಲ ಸುಗ್ಗಿಗೆ ಬರುತ್ತಿದ್ದುದು ದಸರೆಯಲ್ಲಿ. ನಮ್ಮ ಮನೆಯಲ್ಲಿ ಗೊಂಬೆ ಕೂರಿಸುತ್ತೇವೆ. ಮೆಟ್ಟಿಲು ಮೆಟ್ಟಿಲಾಗಿ ಹಲಗೆ ಜೋಡಿಸಿ, ಬಿಳಿ ಪಂಚೆ ಹೊದಿಸಿ, ಮೇಲಿನ ಹಂತದಲ್ಲಿ ಪಟ್ಟದ ಗೊಂಬೆ. ಹೆಣ್ಣಿಗೆ ಮದುವೆಯಲ್ಲಿ ತವರಿನವರು ಕೊಟ್ಟು ಕಳಿಸುವ ಮರದ ರಾಜ ರಾಣಿಯ ಜೋಡಿ ಅದು. ನನ್ನ ಹೆಂಡತಿ ತಂದ ಜೋಡಿ ಅವಳ ತಾಯಿಗೆ ತಾಯಿಮನೆಯಿಂದ ಬಂದದ್ದು. ಅವಳ ತಾಯಿ ಪ್ರತಿ ದಸರೆಗೂ ಮನೆಯಲ್ಲೇ ಮಾಡಿದ ಕಾಡಿಗೆಯಲ್ಲಿ ತೆಂಗಿನಕಡ್ಡಿ ಅದ್ದಿ ರಾಣಿಯ ಕಣ್ಣು ತೀಡುತ್ತಿದ್ದರಂತೆ. ವರ್ಷ ವರ್ಷದ ಕಾಡಿಗೆ ಒಂದರ ಮೇಲೊಂದು ಕೂತು, ಆ ಕಣ್ಣು ಸ್ವಲ್ಪ ಉಬ್ಬಿಕೊಂಡು, ನಿದ್ದೆಯಿಂದ ಈಗ ಎದ್ದವಳ ಹಾಗೆ ಕಾಣುತ್ತಿತ್ತು. ನನ್ನ ಹೆಂಡತಿ ಮಾತ್ರ ತೀಡಲಿಲ್ಲ. "ಅಮ್ಮನ ಕೈ ಅದರ ಮೇಲಿದೆ, ನಾನ್ಯಾಕೆ ಮುಚ್ಚಲಿ" ಅನ್ನುತ್ತಿದ್ದಳು. ದೊಡ್ಡವಳು ಮಾತು ಕಲಿಯುವ ಮೊದಲೇ ಅವಳನ್ನು ಸೊಂಟಕ್ಕೆ ಹಾಕಿಕೊಂಡು ಗೊಂಬೆ ತೋರಿಸಿ ಹೇಳುತ್ತಿದ್ದಳು: "ಇದು ನಿನ್ನ ಮದುವೆಗೆ ಕಣೇ. ನಿಮ್ಮಮ್ಮಂಗೆ ಹೊಸಾದು ಕೊಡಿಸ್ದೆ. ಇದು ನಿಂಗೇ."

ದೊಡ್ಡವಳಿಗೆ ಒಂಬತ್ತು ತುಂಬಿದ್ದ ವರ್ಷ. ನಮ್ಮ ಕಡೆ ಮೆಟ್ರೋ ಕಂಬಗಳು ಏಳುತ್ತಿದ್ದವು, ರಸ್ತೆಯೆಲ್ಲ ಧೂಳು. ಆ ಸಲ ಹುಡುಗಿಯರಿಗೆ ಗೊಂಬೆಗಳ ಕೆಳಗೆ ದೊಡ್ಡ ಪಾರ್ಕು ಮಾಡುವ ಹುಚ್ಚು. ವಾರಕ್ಕೆ ಮುಂಚೆಯೇ ತಟ್ಟೆಗಳಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿದ್ದೆವು, ಹಸಿರು ಪೈರು ಬಂದಿತ್ತು. ಒಡೆದ ಕನ್ನಡಿ ಕೊಳವಾಯಿತು. ಗುಲ್‌ಮೊಹರ್ ಕಾಯಿ ದೋಣಿ. ಅರ್ಧ ಚಿಪ್ಪುಗಳನ್ನು ಬೋರಲು ಹಾಕಿ ಬಾಗಿಲು ಕೊರೆದು ಗುಡಿಸಲು. ಚಿಕ್ಕವಳು ಟೂತ್‌ಪೇಸ್ಟ್ ಡಬ್ಬಿಗಳನ್ನು ಸಾಲಾಗಿ ಅಂಟಿಸಿ ಐಸ್‌ಕ್ರೀಮ್ ಕಡ್ಡಿಯ ಕಂಬಗಳ ಮೇಲೆ ನಿಲ್ಲಿಸಿದಳು.

"ಇದೇನೇ?" ಎಂದಳು ದೊಡ್ಡವಳು.

"ಮೆಟ್ರೋ."

"ರಾಜ ರಾಣಿ ಕಾಲದಲ್ಲಿ ಮೆಟ್ರೋ ಇತ್ತಾ?"

"ನಮ್ಮನೆ ಹತ್ರ ಯಾವಾಗ ಬರುತ್ತೋ ಗೊತ್ತಿಲ್ಲ. ರಾಣಿ ಮನೆಗಾದ್ರೂ ಬರ್ಲಿ ಬಿಡೇ."

ಮಹಾಲಯ ಅಮಾವಾಸ್ಯೆ ಬಂತು. ದಸರೆ ರಜೆಯಾದ್ದರಿಂದ ದೊಡ್ಡವಳು ನಮ್ಮಲ್ಲೇ ಇದ್ದಳು. ಅಂದು ಹಿರಿಯರಿಗೆ ಎಡೆ ಇಡುವ ದಿನ, ಮಾರನೆಯ ದಿನ ಗೊಂಬೆ ಕೂರಿಸುವ ದಿನ. ನನ್ನ ಹೆಂಡತಿ ಬೆಳಿಗ್ಗೆಯೇ ಟ್ರಂಕು ಇಳಿಸಿ, ಗೊಂಬೆಗಳನ್ನು ಒರೆಸಿ ಚಾಪೆಯ ಮೇಲೆ ಸಾಲಾಗಿ ಇಟ್ಟು, ಕೆಂಗೇರಿಯಲ್ಲಿರುವ ತಮ್ಮನ ಮನೆಗೆ ಹೊರಟಳು. ಅವಳ ತಾಯಿಗೆ ಅಲ್ಲಿ ಎಡೆ ಇಡುತ್ತಾರೆ. ಮಗ, ಸೊಸೆ ಕೆಲಸಕ್ಕೆ ಹೋಗಿದ್ದರು. ಊಟವಾದ ಮೇಲೆ ಚಿಕ್ಕವಳು ಮೇಲೆ ಹೋಗಿ ಮಲಗಿಬಿಟ್ಟಳು. ಕೆಳಗೆ ನಾನು, ದೊಡ್ಡವಳು, ಮತ್ತು ಗೊಂಬೆಗಳು.

ರಾಣಿಯ ಮೂಗಿನ ತುದಿಯಲ್ಲಿ ಬಣ್ಣ ಎದ್ದಿತ್ತು. ಕೆನ್ನೆಯಲ್ಲೊಂದು ಬಿರುಕು. ನಾನು ಅದನ್ನು ವರ್ಷಗಳಿಂದ ನೋಡಿದ್ದೆ. ಆ ದಿನ ಮಾತ್ರ ಕೈ ಸುಮ್ಮನಿರಲಿಲ್ಲ. ಬೆಳಗಿನಿಂದ ಚಿಪ್ಪು ಉಜ್ಜಿ ಉಜ್ಜಿ ಕೈಗೆ ಹದ ಹತ್ತಿತ್ತು. ಪಕ್ಕದಲ್ಲೇ ನಯದ ಸ್ಯಾಂಡ್‌ಪೇಪರ್ ಇತ್ತು. ಗೊಂಬೆಯನ್ನು ತೊಡೆಯ ಮೇಲಿಟ್ಟುಕೊಂಡೆ.

"ತಾತ, ಅದು ಬೇಡ" ಎಂದಳು ದೊಡ್ಡವಳು.

"ಸ್ವಲ್ಪ ನಯ ಮಾಡ್ತೀನಿ ಅಷ್ಟೇ ಕಣೇ."

"ಅಜ್ಜಿ ಬೈತಾರೆ. ಅದು ಅವರಮ್ಮಂದು."

"ಬೈಯಲ್ಲ. ಬಂದು ನೋಡಿ ಕುಣೀತಾಳೆ ನೋಡು. ಸರ್‌ಪ್ರೈಸು!"

"ಬೇಡ ತಾತ" ಎಂದು ಅವಳು ಮತ್ತೊಮ್ಮೆ ಹೇಳಿದಳು. ಈ ಎರಡನೆಯ ಸಲ ಹೇಳಿದ್ದನ್ನು ನಾನು ಮರೆಯಲು ಬಹಳ ಪ್ರಯತ್ನಪಟ್ಟಿದ್ದೇನೆ.

ಎದ್ದ ಬಣ್ಣವನ್ನು ಮಾತ್ರ ತೆಗೆಯೋಣವೆಂದು ಶುರು ಮಾಡಿದೆ. ಮೂಗು ನಯವಾಯಿತು, ಈಗ ಕೆನ್ನೆ ತರಿತರಿಯಾಗಿ ಕಂಡಿತು. ಕೆನ್ನೆ ಉಜ್ಜಿದೆ, ಹಣೆ ಒಂದು ಗೆರೆ ಎತ್ತರವಾಯಿತು. ಹಣೆ ಸಮ ಮಾಡಿದೆ. ಕೆಲಸ ಗೊತ್ತಿದ್ದವನಿಗೆ ನಿಲ್ಲಿಸುವುದು ಗೊತ್ತಿರಬೇಕಿತ್ತು. ನಮ್ಮ ಕಸುಬಿನಲ್ಲಿ ನಿಲ್ಲಿಸುವುದು ಒಂದೇ ಕಡೆ, ಹಿಂದಿನ ಕೈಯ ಗುರುತು ಒಂದೂ ಉಳಿಯದಾದಾಗ. ನಾನು ಹಾಗೇ ಮಾಡಿದೆ. ಕೊನೆಗೆ ಅಭ್ಯಾಸಬಲದಿಂದ ಕಣ್ಣು ಮುಚ್ಚಿ ರಾಣಿಯ ಮುಖವನ್ನು ನನ್ನ ಕೆನ್ನೆಗೆ ಒತ್ತಿ ನೋಡಿದೆ. ತರಿ ಇರಲಿಲ್ಲ. ಕಣ್ಣು ತೆರೆದರೆ ಮುಖವೂ ಇರಲಿಲ್ಲ. ಉಬ್ಬಿದ ಆ ಕಾಡಿಗೆ ಕಣ್ಣುಗಳು ನನ್ನ ಪಂಚೆಯ ಮೇಲೆ ಕಪ್ಪು ಪುಡಿಯಾಗಿ ಬಿದ್ದಿದ್ದವು.

ಗಾಬರಿಯಾಯಿತು. ಗೇಟಿಗೆ ಹೊಡೆದು ಉಳಿದಿದ್ದ ಬಣ್ಣದ ಡಬ್ಬಿಗಳನ್ನು ತಂದು, ಬಿಳಿಗೆ ಹಳದಿ, ಕೆಂಪು ಬೆರೆಸಿ ಮೈಬಣ್ಣ ಮಾಡಿ ಬಳಿದೆ. ಫ್ಯಾನಿನ ಕೆಳಗಿಟ್ಟು ಆರಿಸಿದೆ. ಕಣ್ಣು ಬರೆಯಬೇಕು. ಪೊರೆ ಬಂದು ಹತ್ತಿರದ್ದೆಲ್ಲ ನನಗೆ ಮಸುಕು. ಸಣ್ಣ ಬ್ರಷ್ಷನ್ನು ದೊಡ್ಡವಳ ಕೈಗೆ ಕೊಟ್ಟೆ.

"ನಂಗೆ ಬರಲ್ಲ ತಾತ."

"ನಿನ್ನ ಬೆರಳು ಸಣ್ಣದು. ಬರಿ, ನಾನು ಹಿಡ್ಕೋತೀನಿ."

ಅವಳು ನಾಲಿಗೆ ಕಚ್ಚಿಕೊಂಡು, ಉಸಿರು ಬಿಗಿಹಿಡಿದು ಬರೆದಳು. ಪಾಪ, ಮಗು ಬರೆಯುವ ಕಣ್ಣು. ದುಂಡಗೆ, ದೊಡ್ಡದಾಗಿ, ಒಂದು ಸ್ವಲ್ಪ ಮೇಲೆ, ಒಂದು ಸ್ವಲ್ಪ ಕೆಳಗೆ. ಬೆಚ್ಚಿಬಿದ್ದವಳ ಹಾಗೆ ರಾಣಿ ನಮ್ಮನ್ನು ನೋಡಿದಳು.

ಸಂಜೆ ಹೆಂಡತಿ ಬಂದಳು, ಕೈಯಲ್ಲಿ ತಾಯಿಯ ಎಡೆಯಿಂದ ಕಟ್ಟಿಸಿಕೊಂಡು ಬಂದ ವಡೆಯ ಪೊಟ್ಟಣ. ಚಪ್ಪಲಿ ಬಿಟ್ಟು, ಕಾಲು ತೊಳೆದು, ಚಾಪೆಯ ಹತ್ತಿರ ಬಂದು ನಿಂತಳು. ಬಗ್ಗಿ ರಾಣಿಯನ್ನು ನೋಡಿದಳು. ಆಮೇಲೆ ಮೆಲ್ಲಗೆ, "ಈ ಕಣ್ಣು ಯಾರು ಬರ್ದಿದ್ದು?" ಎಂದಳು.

ಮುಖ ಉಜ್ಜಿದವರು ಯಾರು ಎಂದು ಅವಳು ಕೇಳಲಿಲ್ಲ. ಕಣ್ಣು ಬರೆದವರು ಯಾರು ಎಂದು ಕೇಳಿದಳು.

"ನಾನು ಅಜ್ಜಿ" ಎಂದಳು ದೊಡ್ಡವಳು. ಅವಳಿಗೆ ಸುಳ್ಳು ಹೇಳಿ ಗೊತ್ತಿರಲಿಲ್ಲ. ಬೆರಳಿನ ತುದಿಯಲ್ಲಿ ಕಪ್ಪು ಬಣ್ಣ ಹಾಗೇ ಇತ್ತು.

ಅಲ್ಲಿ ನಾನು ಒಂದು ಮಾತು ಆಡಬೇಕಿತ್ತು. ಆಡಿದೆ ಕೂಡ. "ಮಕ್ಕಳು ಕಣೇ, ಬಿಡು. ಸ್ವಲ್ಪ ಅಂಗಡಿಗೆ ಹೋಗಿ ಬರೋಷ್ಟರಲ್ಲಿ ಹಿಂಗೆ ಮಾಡಿಟ್ಟವೆ."

ದೊಡ್ಡವಳು ನನ್ನ ಕಡೆ ತಿರುಗಿ ನೋಡಿದಳು. ಸಿಟ್ಟಿನಿಂದಲ್ಲ. ತಾತ ನಿಜವಾಗಿಯೂ ಅಂಗಡಿಗೆ ಹೋಗಿದ್ದರೇನೋ, ತಾನೇ ಮರೆತೆನೇನೋ ಎಂದು ಯೋಚಿಸುವವಳ ಹಾಗೆ.

ಹೆಂಡತಿ ಹೊಡೆಯಲಿಲ್ಲ, ಕೂಗಾಡಲಿಲ್ಲ. ಗೊಂಬೆಯನ್ನು ಎತ್ತಿ ಸೆರಗಿನಲ್ಲಿ ಮುಚ್ಚಿಕೊಂಡು ಕೂತಳು. "ಇವತ್ತೇ ಆಗ್ಬೇಕಿತ್ತಾ" ಎಂದಷ್ಟೇ ಅಂದಳು. ತಾಯಿಗೆ ಎಡೆಯಿಟ್ಟು ಬಂದ ದಿನ. ಕಣ್ಣೊರೆಸಿಕೊಂಡ ಮೇಲೆ ಮಗುವಿನ ಕಡೆ ನೋಡದೆ ಹೇಳಿದಳು: "ನಿಂಗೇ ಅಂತ ಇಟ್ಟಿದ್ದೆ. ಇನ್ನು ನಿನ್ನ ಕೈಗೆ ಕೊಡಲ್ಲ. ಚಿಕ್ಕವಳಿಗೆ ಕೊಡ್ತೀನಿ."

ಆ ಸಲದ ದಸರೆಯಲ್ಲಿ ರಾಣಿಯನ್ನು ಮುಖದ ಮೇಲೆ ಮಲ್ಲಿಗೆಯ ದಂಡೆ ಇಳಿಬಿಟ್ಟು ಕೂರಿಸಿದಳು. ಆರತಿಗೆ ಬಂದ ಹೆಂಗಸರು, "ಏನ್ರೀ ಇದು, ರಾಣಿಗೆ ನಾಚಿಕೆನಾ?" ಎಂದು ನಕ್ಕರೆ, "ದೃಷ್ಟಿ ಆಗುತ್ತೆ ಅಂತ ರೀ" ಎಂದು ನನ್ನ ಹೆಂಡತಿ ತೇಲಿಸಿದಳು. ಎಲ್ಲರೂ ಪಾರ್ಕನ್ನು ಹೊಗಳಿದರು, ಮೆಟ್ರೋ ನೋಡಿ ಮೆಚ್ಚಿದರು, ಚಿಕ್ಕವಳು ಒಬ್ಬೊಬ್ಬರನ್ನೂ ಕೈಹಿಡಿದು ಕರೆದು ತೋರಿಸಿದಳು. ದೊಡ್ಡವಳು ಮಾತ್ರ ಯಾರಾದರೂ ಗೇಟು ತೆಗೆದ ಸದ್ದಾದರೆ ಅಡುಗೆಮನೆಗೆ ಹೋಗಿ ಸಿಲಿಂಡರಿನ ಪಕ್ಕ ಕೂರುತ್ತಿದ್ದಳು. ಗೊಂಬೆ ನೋಡಲು ಬಂದವರಿಗೆ ಹಂಚುವ ಚರುಪಿನ ಪೊಟ್ಟಣವೊಂದನ್ನು ನಾನು ಅವಳಿಗೆ ಒಯ್ದು ಕೊಟ್ಟೆ. "ಥ್ಯಾಂಕ್ಸ್ ತಾತ" ಎಂದಳು. ಅಷ್ಟಕ್ಕೇ ನನ್ನ ಮನಸ್ಸು ಹಗುರವಾಯಿತು. ಎಂಥ ಮನುಷ್ಯ ನಾನು.

ಯಾಕೆ ಹೇಳಲಿಲ್ಲ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಹೆಂಡತಿಗೆ ಹೆದರಿದೆ ಎಂದರೆ ಅದು ಸುಳ್ಳು. ಅವಳು ಎರಡು ದಿನ ಮಾತು ಬಿಡುತ್ತಿದ್ದಳು, ಮೂರನೆಯ ದಿನ ಕಾಫಿ ಕೊಡುತ್ತಿದ್ದಳು. ನನಗೆ ಬೇಕಾಗಿದ್ದುದು ಆ ಚಿನ್ನದ ಕೈ. ಇಷ್ಟು ವರ್ಷ ಒಂದು ಕೆಲಸವೂ ವಾಪಸು ಬರದ ಕೈ ಹೆಂಡತಿಯ ತವರಿನ ಒಂದೇ ಒಂದು ಮುಖವನ್ನು ಅಳಿಸಿತು ಎಂದು ಒಪ್ಪಿಕೊಳ್ಳಲು ಆಗಲಿಲ್ಲ. ಮಗುವಿನ ಕೈ ತಾನೆ, ಮಕ್ಕಳು ತಪ್ಪು ಮಾಡುತ್ತಾರೆ, ಎಲ್ಲರೂ ಮರೆಯುತ್ತಾರೆ ಎಂದುಕೊಂಡೆ.

ಅಜ್ಜಿ ಮೊಮ್ಮಗಳ ಮೇಲೆ ಸಿಟ್ಟು ಇಟ್ಟುಕೊಳ್ಳಲಿಲ್ಲ. ತಲೆ ಬಾಚಿದಳು, ಒಬ್ಬಟ್ಟು ಮಾಡಿ ಹಾಕಿದಳು, ಪರೀಕ್ಷೆಗೆ ಹೋಗುವಾಗ ಹರಕೆ ಹೊತ್ತಳು. ಗೊಂಬೆಯ ಮಾತು ಮಾತ್ರ ಎತ್ತಲಿಲ್ಲ. ಭಾನುವಾರದ ಹಿತ್ತಿಲೂ ಮುಂದುವರಿಯಿತು. ದೊಡ್ಡವಳು ಬರುತ್ತಿದ್ದಳು, ಹೆಕ್ಕುತ್ತಿದ್ದಳು, ಕತ್ತರಿಸುತ್ತಿದ್ದಳು, ಅಂಟಿಸುತ್ತಿದ್ದಳು. ಬಣ್ಣದ ಹೊತ್ತಿಗೆ ಎದ್ದು ಕೈತೊಳೆಯಲು ಹೋಗುತ್ತಿದ್ದಳು. "ನೀನು ಹಚ್ಚೇ" ಎಂದು ಚಿಕ್ಕವಳಿಗೆ ಬಿಟ್ಟುಕೊಡುತ್ತಿದ್ದಳು. ಅಕ್ಕನಾದವಳಿಗೆ ಎಷ್ಟು ದೊಡ್ಡ ಮನಸ್ಸು ಎಂದು ನಾನು ಒಂದು ಸಲ ಮಗಳ ಮುಂದೆ ಹೊಗಳಿದ್ದೇನೆ. ಆಮೇಲೆ ಹೈಸ್ಕೂಲು, ಟ್ಯೂಷನ್ನು, ಕಾಲೇಜು. ಭಾನುವಾರಗಳು ಒಂದೊಂದಾಗಿ ಬಿಟ್ಟುಹೋದವು. ಗೋಣಿಚೀಲ ಮಡಿಸಿ ಸಂಪಿನ ಮೇಲೆ ಇಟ್ಟೆ.

ಈಗ ದೊಡ್ಡವಳಿಗೆ ಮದುವೆ ಗೊತ್ತಾಗಿದೆ. ಹುಡುಗ ಬಾಗಲಕೋಟೆ ಕಡೆಯವನು, ಇಲ್ಲೇ ಕೆಲಸ. ಅವಳ ಆಫೀಸಿನವನೇ. ಧನುರ್ಮಾಸದ ಒಂದು ಭಾನುವಾರ ಬೆಳಿಗ್ಗೆ ಅವಳು ಸ್ಕೂಟರಿನಲ್ಲಿ ಬಂದು, ಒಂದು ಮೂಟೆ ತೆಂಗಿನ ಚಿಪ್ಪನ್ನು ನನ್ನ ಮುಂದೆ ಸುರಿದಳು.

"ತಾತ, ಮದುವೆಗೆ ಬರೋ ಹೆಂಗಸ್ರಿಗೆ ಪ್ಲಾಸ್ಟಿಕ್ ಡಬ್ಬಿ ಬೇಡ. ಚಿಪ್ಪಲ್ಲಿ ಕುಂಕುಮದ ಭರಣಿ ಮಾಡೋಣ. ನೀವು ಹೇಳ್ಕೊಡಿ, ನಾನು ಉಜ್ತೀನಿ."

ಚಿಕ್ಕವಳು, ಈಗ ಕಾಲೇಜು ಹುಡುಗಿ, ಮಹಡಿಯ ಮೆಟ್ಟಿಲ ಮೇಲೆ ಕೂತು ಹಲ್ಲುಜ್ಜುತ್ತಿದ್ದಳು. "ಮದ್ವೆಗೆ ಬಂದೋರ ಕೈಗೆಲ್ಲ ಚಿಪ್ಪು ಕೊಡ್ತೀಯಾ ಅಕ್ಕ? ಭಾವನ ಕಡೆಯವ್ರು ಬಂದ ಬಸ್ಸಲ್ಲೇ ವಾಪಸ್ ಹೋಗ್ತಾರೆ ನೋಡು."

"ನೀನು ಮೊದ್ಲು ಬಾಯಿ ತೊಳ್ಕೊಂಡು ಬಾರೇ."

"ಮದುಮಗಳ ಕೈ ಒರಟಾದ್ರೆ ಭಾವ ಕೈ ಹಿಡಿಯಲ್ಲ ಕಣೇ!"

"ಹಿಡೀದಿದ್ರೆ ಅದೇ ಚಿಪ್ಪಲ್ಲಿ ಎರಡು ಬಿಡ್ತೀನಿ."

ಗೋಣಿಚೀಲ ಮತ್ತೆ ಹಾಸಿದೆವು. ಮೂರು ಜನರಿಗೆ ಆ ಜಾಗ ಈಗ ಸಾಲದು, ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ಗೇಟಿನಾಚೆ ಡೆಲಿವರಿ ಹುಡುಗರ ಬೈಕುಗಳ ಸದ್ದು. ನಾನು ಗರಗಸದಲ್ಲಿ ಬಾಯಿ ಸಮ ಮಾಡಿಕೊಟ್ಟೆ, ಅವಳು ನಾರು ಕೆರೆದು ಉಜ್ಜಿದಳು. ಅವಳ ಕೈಗೆ ಕೆಲಸ ಮರೆತಿರಲಿಲ್ಲ. ಉಜ್ಜಿ, ಕಣ್ಣು ಮುಚ್ಚಿ, ಕೆನ್ನೆಗೆ ಒತ್ತಿ ನೋಡಿದಳು. ಅದನ್ನು ನಾನು ಯಾವತ್ತೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ನೋಡಿ ಕಲಿತಿದ್ದಳು. ಯಾವ ದಿನ ನೋಡಿದ್ದಳೋ.

ಮೊದಲ ಭರಣಿ ಸಿದ್ಧವಾಯಿತು. ಮುಚ್ಚಳದ ಮೇಲೆ ಒಂದು ಸಣ್ಣ ಹೂವು ಬರೆದರೆ ಚೆನ್ನಾಗಿರುತ್ತದೆಂದು ಬ್ರಷ್ಷನ್ನು ಅವಳ ಕಡೆ ಚಾಚಿದೆ.

"ಬಣ್ಣ ನನ್ ಕೈಲಿ ಬೇಡ ತಾತ. ನಾನು ಮುಟ್ಟಿದ್ರೆ ಕೆಡುತ್ತೆ, ನಿಮಗೇ ಗೊತ್ತಲ್ಲ" ಎಂದು ನಕ್ಕಳು. ಬೇಸರವಿಲ್ಲದ ನಗು. ತನಗೆ ಉದ್ದ ಮೂಗು ಎಂದು ಹೇಳುವಷ್ಟು ಸಲೀಸಾಗಿ ಹೇಳಿದಳು. ಬ್ರಷ್ಷನ್ನು ತಂಗಿಯ ಕಡೆ ತಳ್ಳಿದಳು.

ನಾನು ಆಗಲೂ ಹೇಳಲಿಲ್ಲ. "ಆ ಸ್ಯಾಂಡ್‌ಪೇಪರ್ ಕೊಡು" ಎಂದೆ.

ಅವಳು ಹೋದ ಮೇಲೆ ಹೆಂಡತಿ ಹಜಾರದಲ್ಲಿ ಕೂತು ಅವರೆಕಾಳು ಹಿಸುಕುತ್ತಿದ್ದಳು. ನೆನೆದ ಕಾಳನ್ನು ಒತ್ತಿ ಸಿಪ್ಪೆಯಿಂದ ಬೇಳೆ ಚಿಮ್ಮಿಸುವ ಸದ್ದು ಒಂದೇ ಸಮನೆ ಬರುತ್ತಿತ್ತು. ನಾನು ಎದುರಿಗೆ ಕೂತು, ಕೈಗೊಂದಿಷ್ಟು ಕಾಳು ತೆಗೆದುಕೊಂಡು, ತಲೆ ಬಗ್ಗಿಸಿ ಹೇಳಿದೆ.

"ಆವತ್ತು ನಾನು ಅಂಗಡಿಗೆ ಹೋಗಿರ್ಲಿಲ್ಲ."

"ಯಾವತ್ತು?"

"ರಾಣಿ ಮುಖ ಕೆಟ್ಟ ದಿನ."

ಅವಳ ಕೈ ನಿಂತಿತು. "ಉಜ್ಜಿದ್ದು?"

"ನಾನೇ."

"ಕಣ್ಣು?"

"ನಂಗೆ ಹತ್ರದ್ದು ಕಾಣ್ತಿರ್ಲಿಲ್ಲ. ಬರಿ ಅಂತ ಬ್ರಷ್ ಕೊಟ್ಟೆ."

ಆಮೇಲೆ ಅವಳು ಕೇಳಿದ್ದು ತಾಯಿಯ ಬಗ್ಗೆಯಲ್ಲ, ಗೊಂಬೆಯ ಬಗ್ಗೆಯಲ್ಲ. "ಮಗು ಬೇಡ ಅಂತೇನ್ರೀ?"

"ಅಂತು. ಎರಡು ಸಲ."

ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. "ಹಬ್ಬದ ಮನೇಲಿ ಆ ಮಗೂನ ಸಿಲಿಂಡರ್ ಪಕ್ಕ ಕೂರಿಸಿಬಿಟ್ನಲ್ರೀ ನಾನು. ನೀವು ನೋಡ್ಕೊಂಡು ಇದ್ರಲ್ರೀ." ಚಿನ್ನದ ಕೈಯ ಮಾತು ಅವಳು ಆಡಲಿಲ್ಲ. ನಾನು ಹದಿಮೂರು ಹದಿನಾಲ್ಕು ವರ್ಷ ಕಾಪಾಡಿಕೊಂಡದ್ದು ಅವಳ ಲೆಕ್ಕದಲ್ಲಿ ಇರಲೇ ಇಲ್ಲ. ನಾನು ತಪ್ಪಾಯಿತು ಎಂದೆ. ಅವಳು, "ನಂಗೆ ಯಾಕೆ ಹೇಳ್ತೀರಿ" ಎಂದಳು.

ಗೊಂಬೆಯನ್ನು ದೊಡ್ಡವಳಿಗೇ ಕೊಡೋಣ, ಚಿಕ್ಕವಳಿಗೆ ಹೊಸ ಜೋಡಿ ಕೊಡಿಸೋಣ, ಎಲ್ಲ ಸರಿಹೋಗುತ್ತದೆ ಎಂದೆ.

"ಸುಮ್ನೆ ಕೊಟ್ರೆ ಅವಳು ಏನಂದ್ಕೋತಾಳೆ?" ಎಂದಳು ಹೆಂಡತಿ. "ಅಜ್ಜಿ ಕೊನೆಗೂ ಕ್ಷಮಿಸಿದ್ರು ಅಂದ್ಕೋತಾಳೆ. ಏನ್ ತಪ್ಪು ಮಾಡಿದ್ಲು ಅಂತ ಕ್ಷಮಿಸೋದು? ಚಪ್ಪರದ ದಿನ ಗೊಂಬೆಗೆ ಸೀರೆ ಉಡಿಸಿ ಇಟ್ಟಿರ್ತೀನಿ. ನೀವು ಹೇಳಿದ್ರೆ ಕೊಡ್ತೀನಿ. ಹೇಳ್ದಿದ್ರೆ ಕೊಡಲ್ಲ. ನಾನು ಸರಿಯಾಗಿ ಕೇಳ್ದೇ ಇದ್ದ ತಪ್ಪಿಗೆ ನಾನು ಅವಳ ಕೈ ಹಿಡ್ಕೊಂಡು ಬೇರೆ ಹೇಳ್ಕೋತೀನಿ. ನಿಮ್ದು ನೀವೇ ಹೇಳ್ಬೇಕು."

ಆಮೇಲೆಯೂ ಭಾನುವಾರಗಳು ಬಂದಿವೆ. ಅವಳು ಬರುತ್ತಾಳೆ, ಚಿಪ್ಪು ಉಜ್ಜುತ್ತಾಳೆ, ಭರಣಿಗಳು ಸಾಲುಗಟ್ಟಿ ನಿಂತಿವೆ. ನಾನು "ಆವತ್ತು..." ಎಂದು ಶುರುಮಾಡುತ್ತೇನೆ. "ಹೇಳಿ ತಾತ" ಎಂದು ಅವಳು ತಲೆಯೆತ್ತುತ್ತಾಳೆ. ಆ ಮುಖದಲ್ಲಿ ನನ್ನ ಮೇಲೆ ಎಳ್ಳಷ್ಟೂ ಅನುಮಾನವಿಲ್ಲ. ಅವಳ ಪಾಲಿಗೆ ನಾನು ಆ ದಿನ ನಿಜವಾಗಿಯೂ ಅಂಗಡಿಗೆ ಹೋಗಿದ್ದೆ. ಒಂಬತ್ತು ವರ್ಷದವಳು ತನ್ನ ಕಣ್ಣಿಗಿಂತ ತಾತನ ಮಾತನ್ನು ಹೆಚ್ಚು ನಂಬಿದಳು, ಬೆಳೆದ ಮೇಲೂ ಹಾಗೇ ಇಟ್ಟುಕೊಂಡಿದ್ದಾಳೆ. ನಾನು ಬಾಯಿ ಬಿಟ್ಟರೆ ಹೋಗುವುದು ನನ್ನ ಹೆಸರಲ್ಲ, ಆ ನಂಬಿಕೆ. ಹೋಗಲಿ. ಅದು ಇರುವವರೆಗೆ ಅವಳು ಬ್ರಷ್ಷು ಮುಟ್ಟುವುದಿಲ್ಲ. ಇಷ್ಟು ಬರೆದು ನೋಡಿದ ಮೇಲೆ ಅದು ನನಗೆ ಸ್ಪಷ್ಟವಾಯಿತು.

ದೇವಸ್ಥಾನದಲ್ಲಿ ಅರಿಶಿನದ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿ ಹಾಕಿ ಬಂದಿದ್ದೇನೆ. ಅತ್ತೆಯವರ ಫೋಟೋದ ಮುಂದೆ ನಿಂತು ಕೈಮುಗಿದಿದ್ದೇನೆ. ಹೆಂಡತಿಯ ಹತ್ತಿರ ಹೇಳಿಕೊಂಡಿದ್ದೇನೆ. ಬೇಡ ತಾತ ಎಂದು ಎರಡು ಸಲ ಹೇಳಿದವಳ ಹತ್ತಿರ, ನಾನು ಕೊಟ್ಟ ಬ್ರಷ್ಷಿನಿಂದ ನಾನು ಅಳಿಸಿದ ಕಣ್ಣನ್ನು ಬರೆದು, ನನ್ನ ತಪ್ಪನ್ನು ತನ್ನ ಕೈಯ ಗುಣವೆಂದು ಇಷ್ಟು ವರ್ಷ ಹೊತ್ತವಳ ಹತ್ತಿರ ಇನ್ನೂ ಕ್ಷಮೆ ಕೇಳಿಲ್ಲ. ಅವಳು ನನ್ನ ಮಗಳ ಮಗಳು, ನನ್ನ ಮೊದಲ ಮೊಮ್ಮಗಳು.